ಹತ್ತಿರವಿದ್ದ ಮಂಚ

ನನ್ನ ಗಂಡ ದರ್ಜಿ. ಟೇಪು ಹಿಡಿಯದೆ ಕರ್ಚೀಫನ್ನೂ ಕತ್ತರಿಸದ ಮನುಷ್ಯ. ಊರೆಲ್ಲ ಇಂಚು ಮಾಸ್ತರ್ ಅಂತಲೇ ಕರೆಯುತ್ತದೆ. ಇಪ್ಪತ್ತೆರಡು ವರ್ಷದಿಂದ ಕಟ್ಟಿಕೊಂಡಿರುವ ನನಗೂ ಪ್ರತಿ ರವಿಕೆಗೆ ಹೊಸ ಅಳತೆ. "ನನ್ನ ಸೊಂಟ ಎಲ್ಲಿಗಾದ್ರೂ ಓಡಿಹೋಗತ್ತೇನ್ರೀ" ಅಂತ ರೇಗುತ್ತಿದ್ದೆ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಅವರ ಎದೆಬಡಿತ ಮೂರು ನಿಮಿಷ ನಿಂತಿತ್ತು. ಪಕ್ಕದ ಮಂಚದಲ್ಲಿದ್ದ ಗಡಿಯಾರ ರಿಪೇರಿಯವರದ್ದೂ ಅದೇ ಹೊತ್ತಿಗೆ ನಿಂತಿತು. ಡಾಕ್ಟರು ಇಬ್ಬರ ಎದೆಯನ್ನೂ ಒತ್ತಿಸಿದರು. ಇವರು ಕಣ್ಣು ಬಿಟ್ಟರು, ಅವರು ಬಿಡಲಿಲ್ಲ.

ಮನೆಗೆ ಬಂದ ಮೇಲೆ ಒಂದು ದಿನ ಮೆಷಿನ್ ಮುಂದೆ ಕೂತು ತಾವಾಗಿಯೇ ಹೇಳಿದರು: "ಮೇಲಿಂದ ನೋಡ್ತಿದ್ದೆ ಕಣೇ. ಕೆಳಗೆ ಎರಡು ಮಂಚ, ಎರಡು ದೇಹ. ಎರಡೂ ಯಾರದ್ದೋ ಅನ್ನಿಸ್ತು. ಯಾರೋ ಇಳಿ ಅಂದ್ರು, ಇಳಿದೆ."

"ಯಾವುದಕ್ಕೆ?"

"ಹತ್ತಿರ ಇದ್ದಿದ್ದಕ್ಕೆ."

"ಬಸ್ಸಲ್ಲಿ ಸೀಟು ಹಿಡಿದ ಹಾಗೆ ಹೇಳ್ತೀರಲ್ಲ" ಎಂದು ನಕ್ಕೆ. ಅವರು ನಗಲಿಲ್ಲ. ಯಾವಾಗಲೂ ಹಾಕುವ ಕನ್ನಡಕವಿಲ್ಲದೆ, ಮಸೂರಕ್ಕೆ ಕಣ್ಣಿಟ್ಟ ಗಡಿಯಾರದವರ ಹಾಗೆ ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿದ್ದರು. ವಾಪಸು ಬಂದಿರುವುದು ನನ್ನ ಗಂಡನೇ ಹೌದಾ ಎಂಬ ಹುಳ ಅವತ್ತೇ ತಲೆ ಹೊಕ್ಕಿತು.

ನಿನ್ನೆ ಮಧ್ಯಾಹ್ನ ಗಡಿಯಾರದವರ ಹೆಂಡತಿ ಮೊದಲ ಸಲ ನಮ್ಮ ಅಂಗಡಿಗೆ ಬಂದರು. ಆಸ್ಪತ್ರೆಯ ಗಡಿಬಿಡಿಯಲ್ಲಿ ನಮ್ಮ ಫ್ಲಾಸ್ಕು ಅವರ ಚೀಲ ಸೇರಿತ್ತಂತೆ, ಕೊಟ್ಟರು. ಹೇಗೂ ಬಂದಿದ್ದೀನಲ್ಲ ಅಂತ ತಮಗೊಂದು ರವಿಕೆಗೆ ಬಟ್ಟೆಯನ್ನೂ ಕೊಟ್ಟರು. ಇವರು ಅದನ್ನು ಹಾಸಿ ಸರಸರ ಗೆರೆ ಎಳೆದು ಕತ್ತರಿ ಆಡಿಸತೊಡಗಿದರು. ಟೇಪು ಕೊರಳಲ್ಲೇ ಇತ್ತು.

"ಅಳತೆ?" ಎಂದೆ.

"ಗೊತ್ತಲ್ಲ" ಎಂದರು ತಲೆ ಎತ್ತದೆ. "ಬಲಭುಜಕ್ಕೆ ಸ್ವಲ್ಪ ಸಡಿಲ ಬಿಡಬೇಕು. ಬಾವಿಕಟ್ಟೆ ಹತ್ತಿರ ಬಿದ್ದು ಮುರಿದಿದ್ದು, ಮೂಳೆ ಸರಿಯಾಗಿ ಕೂಡ್ಲೇ ಇಲ್ಲ."

ಆಕೆಯ ಕೈ ಭುಜಕ್ಕೆ ಹೋಯಿತು. ಬಿಳಿಚಿಕೊಂಡು, ನನ್ನನ್ನು ಬಾಗಿಲಾಚೆ ಕರೆದರು.

"ತಪ್ಪು ತಿಳ್ಕೋಬೇಡಿ ಅಕ್ಕ. ಇವರು ನಿದ್ದೆಯಲ್ಲಿ ಹಲ್ಲು ಕಡೀತಾರಾ?"

ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕಡಿದವರಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ರಾತ್ರಿಯೂ ಬಿಟ್ಟಿಲ್ಲ. ಆಕೆ ನನ್ನ ಬಾಯನ್ನೇ ನೋಡುತ್ತಿದ್ದರು. ಹೌದು ಅಂದರೆ ಆಕೆಗೆ ಗಂಡ ಸಿಗುತ್ತಿದ್ದ, ನನ್ನವರು ಸತ್ತುಹೋಗುತ್ತಿದ್ದರು.

"ಇಲ್ಲಮ್ಮ" ಎಂದೆ. "ಮಗು ಥರ ಮಲಗ್ತಾರೆ."

ಆಕೆ ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಒಳಗೆ ಕತ್ತರಿಯ ಸದ್ದು ನಿಂತಿತು. ಒಳಕ್ಕೆ ಹೋಗಲು ನನಗೆ ಧೈರ್ಯ ಬರಲಿಲ್ಲ.