ನೀಲಿ ಹಗ್ಗ

"ಒದಿಯೋ ಮಲಾಕಿ, ಏನು ನೋಡ್ತಾ ನಿಂತಿದೀಯ?" ಎಂದು ಫೆಸ್ಟಿ ಲವೆಲ್ ಹಿಂದಿನಿಂದ ಗದರಿದ. ಫೆಸ್ಟಿಗೆ ಕಿವಿ ಮಂದ, ಹಾಗಾಗಿ ಅವನ ಪಿಸುಮಾತೂ ರಸ್ತೆಯವರೆಗೆ ಕೇಳುತ್ತಿತ್ತು.

ನೆರೆಮನೆಯ ಡಿಂಪ್ನಾಳ ಶವಪೆಟ್ಟಿಗೆ ಆಗಲೇ ನಾಲ್ವರ ಹೆಗಲೇರಿತ್ತು. ಅದನ್ನು ಇಳಿಸಿದ್ದ ಎರಡು ಅಡುಗೆಮನೆ ಕುರ್ಚಿಗಳು ಅವಳ ಅಂಗಳದಲ್ಲಿ ಎದುರುಬದುರಾಗಿ ಉಳಿದಿದ್ದವು. ಪೆಟ್ಟಿಗೆ ಎದ್ದ ಮೇಲೆ ಕುರ್ಚಿ ನಿಂತಿರಬಾರದು, ಉರುಳಿಸಬೇಕು. ಇಲ್ಲದಿದ್ದರೆ ಸತ್ತವರು ತಿರುಗಿ ಬಂದು ಕೂರುತ್ತಾರೆ ಎಂದು ಆ ಕಡೆಯ ಹಳಬರ ನಂಬಿಕೆ. ಬಂದು ಕೂತರೆ ಕೂರಲಿ ಬಿಡಿ ಎಂದು ಬೇರೆ ಯಾರಾದರೂ ಹೇಳಬಹುದಿತ್ತು. ಮಲಾಕಿ ಗಿಂಟಿ ಹೇಳುವ ಹಾಗಿರಲಿಲ್ಲ. ಅವಳು ಬಂದು ಎದುರಿಗೆ ಕೂತು ಒಂದು ಮಾತು ಕೇಳಿದರೆ ಕೊಡಲು ಅವನ ಹತ್ತಿರ ಉತ್ತರವಿರಲಿಲ್ಲ.

ಮೊದಲನೆಯ ಕುರ್ಚಿಯನ್ನು ಕಾಲಿನಿಂದ ತಳ್ಳಿದ. ಎರಡನೆಯದಕ್ಕೆ ಕೆಂಪು ಬಣ್ಣ, ಒಂದು ಕಾಲು ಗಿಡ್ಡ. ಇಪ್ಪತ್ತು ವರ್ಷ ಅವನು ಕೂತ ಕುರ್ಚಿ ಅದು. ಅದನ್ನು ಒದೆಯಲಾಗದೆ ಬಗ್ಗಿ, ಎರಡೂ ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿದ.

ಅವನ ನಾಯಿ ನೆಲ್ ಪೆಟ್ಟಿಗೆಯ ಹಿಂದೆಯೇ ಹೊರಟಿತ್ತು. ಹನ್ನೊಂದು ವರ್ಷದ ಕಪ್ಪುಬಿಳುಪಿನ ಕುರಿನಾಯಿ; ರಾತ್ರಿಯಿಡೀ ಸಾವಿನ ಮನೆಯಲ್ಲಿ ಪೆಟ್ಟಿಗೆಯ ಅಡಿಯಲ್ಲೇ ಮಲಗಿತ್ತು. ಬಂದವರೆಲ್ಲ ಅದರ ತಲೆ ಸವರಿ ಹೋಗಿದ್ದರು.

"ನೋಡು, ಮೂಕಪ್ರಾಣಿಗೂ ಗೊತ್ತಾಗುತ್ತೆ," ಎಂದಳು ಅಂಗಡಿಯ ಡೆಲಿಯಾ, ಮಲಾಕಿಯ ಪಕ್ಕದಲ್ಲೇ ನಡೆಯುತ್ತಾ. "ಏಳು ವರ್ಷ ನಿನ್ನ ತಬ್ಬಲಿ ಕುರಿಮರಿಗಳಿಗೆ ಹಾಲು ಕುಡಿಸಿ, ತನ್ನ ನಾಯಿ ಮಾಡಿದ ಪಾಪ ತೊಳ್ಕೊಂಡ್ಲು ಪುಣ್ಯಾತ್ಗಿತ್ತಿ. ನೀನೂ ಅಷ್ಟೇ ದೊಡ್ಡ ಮನಸ್ಸಿನವನು ಬಿಡು. ಒಂದು ದಿನಾನೂ ಅವಳನ್ನ ಆಡಿಕೊಳ್ಳಲಿಲ್ಲ."

ಮಲಾಕಿಯ ಕಿವಿಯ ತುದಿ ಸುಡತೊಡಗಿತು. ಟೋಪಿಯನ್ನು ಸುಮ್ಮನೆ ಕೆಳಕ್ಕೆ ಎಳೆದುಕೊಂಡ.

ಬೇಲಿಯುದ್ದಕ್ಕೂ ಮುಳ್ಳುಗಿಡಗಳು ಹಳದಿ ಹೂ ಬಿಟ್ಟಿದ್ದವು. ಎರಡು ವಾರ ಬಿಡದೆ ಸುರಿದ ಮಳೆ ಇವತ್ತೇ ನಿಂತು ಬಿಸಿಲು ಬಂದಿತ್ತು. ಇಂಥ ದಿನಕ್ಕಾಗಿಯೇ ಡಿಂಪ್ನಾ ಕಾಯುತ್ತಿದ್ದಳು.

ಇಗರ್ಜಿಯ ಗೇಟಿನ ಹತ್ತಿರ ಬ್ರೋನಾ ಅವನನ್ನು ತಡೆದಳು. ಡಿಂಪ್ನಾಳ ಅಣ್ಣನ ಮಗಳು, ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ಕೈಯಲ್ಲಿದ್ದ ಬುಟ್ಟಿಯಿಂದ ಒಂದು ಬಾಟಲಿ ತೆಗೆದು ಅವನಿಗೆ ಕೊಟ್ಟಳು. ಹಳೆಯ ನಿಂಬೆ ಶರಬತ್ತಿನ ಬಾಟಲಿ, ಬಾಯಿಗೆ ರಬ್ಬರಿನ ತೊಟ್ಟು.

"ಪೂಜೆ ನಡುವೆ ಅತ್ತೆಯ ಸಾಮಾನುಗಳನ್ನ ಪೀಠದ ಮುಂದೆ ಇಡ್ತೀವಲ್ಲ, ಇದು ನಿಮ್ಮದು."

"ನಾನು ಯಾವತ್ತೂ ಹಿಂದಿನ ಬಾಗಿಲ ಹತ್ತಿರ ನಿಲ್ಲೋನಮ್ಮ. ಮುಂದಕ್ಕೆಲ್ಲ ಬರೋದಿಲ್ಲ."

"ಅತ್ತೆನೇ ಚೀಟಿ ಬರೆದಿಟ್ಟಿದ್ದಾರೆ. ಬಾಟಲಿ ಎದುರಿಗೆ ನಿಮ್ಮ ಹೆಸರಿದೆ," ಎಂದು ಬ್ರೋನಾ ಒಳಗೆ ಹೋದಳು.

*

ವಸಂತದ ಮೊದಲ ಬೆಚ್ಚನೆಯ ದಿನ ಡಿಂಪ್ನಾಳ ಮನೆಯಲ್ಲಿ ಕುರ್ಚಿಗಳು ಅಂಗಳಕ್ಕೆ ಬರುತ್ತಿದ್ದವು. ಪಂಚಾಂಗದಲ್ಲಿ ಇಲ್ಲದ ಹಬ್ಬ ಅದು. ಒಂದು ವರ್ಷ ಮಾರ್ಚಿನಲ್ಲೇ ಬಂದರೆ ಇನ್ನೊಂದು ವರ್ಷ ಮೇ ತಿಂಗಳವರೆಗೂ ಸತಾಯಿಸುತ್ತಿತ್ತು. ಮೊದಲು ಕುರ್ಚಿ, ಆಮೇಲೆ ಮೇಜು, ಆಮೇಲೆ ತಗಡಿನ ತೊಟ್ಟಿ. ತೊಟ್ಟಿಯಲ್ಲಿ ಬಿಸಿನೀರು ತುಂಬಿ ನಾಯಿಯನ್ನು ಕರೆಯುತ್ತಿದ್ದಳು.

ಸಾರ್ಜೆಂಟ್ ಎಂಬ ಆ ನಾಯಿ ಕರುವಿನಷ್ಟು ಎತ್ತರ, ಕೋಳಿ ಕಂಡರೆ ಓಡುವಷ್ಟು ಧೈರ್ಯ. ಠಾಣೆಯ ಸಾರ್ಜೆಂಟ್ ಕೊಟ್ಟ ಮರಿಯಾದ್ದರಿಂದ ಆ ಹೆಸರು. ಸೋಪು ಕಂಡ ಕೂಡಲೇ ಮಲಾಕಿಯ ಕುರ್ಚಿಯ ಅಡಿಗೆ ನುಗ್ಗಿ, ಕುರ್ಚಿಯನ್ನೂ ಮಲಾಕಿಯನ್ನೂ ಒಟ್ಟಿಗೆ ಎತ್ತಿಬಿಡುತ್ತಿತ್ತು.

"ಹಿಡ್ಕೊಳೋ ಅವನ್ನ, ಬರೀ ಟೀ ಕುಡಿಯೋಕೆ ಬಂದಿದೀಯಾ?" ಎಂದು ಡಿಂಪ್ನಾ ತೋಳೇರಿಸಿಕೊಂಡು ಬರುತ್ತಿದ್ದಳು.

"ಪೈಗೂ ಬಂದಿದೀನಿ."

"ನಾಚಿಕೆ ಇಲ್ದೋನು."

ಸ್ನಾನವಾದ ಮೇಲೆ ನಾಯಿ ಇಬ್ಬರ ಮೇಲೂ ಮೈ ಕೊಡವುತ್ತಿತ್ತು. ಒದ್ದೆ ಬಟ್ಟೆಯಲ್ಲೇ ಕೂತು ಅವರು ಹುಳಿದಂಟಿನ ಹೂರಣ ತುಂಬಿ ಸುಟ್ಟ ಬಿಸಿ ರೂಬಾರ್ಬ್ ಪೈ ತಿನ್ನುತ್ತಿದ್ದರು. ಸೂರಿನಡಿ ಅಂಬರಗುಬ್ಬಿಗಳು ಕಳೆದ ವರ್ಷದ ಗೂಡನ್ನು ಪರೀಕ್ಷಿಸುತ್ತಿದ್ದವು. ಮಾತು ಹೆಚ್ಚಿರಲಿಲ್ಲ. ಇಬ್ಬರೂ ಮದುವೆಯಾಗದವರು, ಊರವರು ಒಂದಷ್ಟು ವರ್ಷ ಕಣ್ಣು ಮಿಟುಕಿಸಿ, ಏನೂ ಆಗದ್ದು ಕಂಡು ಬೇಸತ್ತು ಸುಮ್ಮನಾಗಿದ್ದರು. ಮಲಾಕಿಗೆ ವರ್ಷವಿಡೀ ನೆನಪಿನಲ್ಲಿ ಉಳಿಯುತ್ತಿದ್ದ ಸುಖವೆಂದರೆ ಆ ಒಂದು ಮಧ್ಯಾಹ್ನ.

ಕಂಬಳಿಗೂ ಆಗದ ಒರಟು ಉಣ್ಣೆಯನ್ನು ಅವನೇ ಪ್ರತಿ ಬೇಸಿಗೆ ಒಂದು ಚೀಲ ತಂದುಕೊಡುತ್ತಿದ್ದ. ಡಿಂಪ್ನಾ ಅದನ್ನು ಸಾರ್ಜೆಂಟನ ಹಾಸಿಗೆಗೆ ತುಂಬುತ್ತಿದ್ದಳು. ನಾಯಿ ಆ ಹಾಸಿಗೆಯನ್ನು ಕಚ್ಚಿ ಹರಿಯುತ್ತಿತ್ತು, ಅವಳು ಬೈಯುತ್ತಾ ಹೊಲಿಯುತ್ತಿದ್ದಳು.

*

ಏಳು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ಒಂದೇ ಬೆಳಗ್ಗೆ ಅವನ ನಾಲ್ಕು ಕುರಿಮರಿಗಳು ಹೊಳೆಯ ಪಕ್ಕದ ಹೊಲದಲ್ಲಿ ಸತ್ತು ಬಿದ್ದಿದ್ದವು. ಕುತ್ತಿಗೆಯಲ್ಲಿ ಹಲ್ಲಿನ ಗುರುತು. ಮಲಾಕಿ ಕೋವಿ ತೆಗೆದುಕೊಂಡು ನೇರ ಡಿಂಪ್ನಾಳ ಮನೆಗೆ ಹೋದ. ಬಾಗಿಲಲ್ಲಿ ಸಾರ್ಜೆಂಟ್ ಬಾಲ ಆಡಿಸುತ್ತಾ ನಿಂತಿತ್ತು, ಹಲ್ಲಿನ ನಡುವೆ ಉಣ್ಣೆಯ ಎಳೆಗಳಿದ್ದವು.

ಕುರಿಯ ರುಚಿ ಹತ್ತಿದ ನಾಯಿಯನ್ನು ಆ ಊರಲ್ಲಿ ಯಾರೂ ಉಳಿಸುವುದಿಲ್ಲ. ವಾದ ಮಾಡುವವರೂ ಇಲ್ಲ. ಹಲ್ಲಲ್ಲಿ ಉಣ್ಣೆ ಸಿಕ್ಕರೆ ಮುಗಿಯಿತು.

ಡಿಂಪ್ನಾ ಉಣ್ಣೆಯನ್ನು ನೋಡಿದಳು, ನಾಲ್ಕು ಮರಿ ಎಂದು ಕೇಳಿಸಿಕೊಂಡಳು. ಅದು ಹಾಸಿಗೆಯ ಉಣ್ಣೆ ಇರಬಹುದೆಂಬ ಮಾತು ಅವಳ ಬಾಯಿಗೆ ಬರಲಿಲ್ಲ. ಆ ಉಣ್ಣೆಯ ಚೀಲ ಹೊತ್ತು ತಂದವನಿಗೂ ಬರಲಿಲ್ಲ, ಅವನು ಸಿಟ್ಟಿನಲ್ಲಿ ಕುರುಡಾಗಿದ್ದ. ಬಾಗಿಲ ಪಕ್ಕದ ಮೊಳೆಯಿಂದ ಹುಲ್ಲುಹೊರೆ ಕಟ್ಟುವ ನೀಲಿ ಹಗ್ಗ ತೆಗೆದು ಅವಳೇ ನಾಯಿಯ ಕುತ್ತಿಗೆಗೆ ಕಟ್ಟಿದಳು.

"ನನ್ನ ಕಣ್ಣೆದುರಿಗೆ ಬೇಡ. ಇಗೋ, ಎರಡು ಬಿಸ್ಕತ್ತು. ಮೊದಲು ಇದನ್ನ ಕೊಡು, ತಿಂತಾ ಇರಲಿ," ಎಂದಳು. "ಹಗ್ಗ ವಾಪಸ್ ತಂದುಕೊಡು ಮಲಾಕಿ."

ಸಂಜೆ ಹಗ್ಗವನ್ನು ಅವಳ ಗೇಟಿಗೆ ಸಿಕ್ಕಿಸಿ, ಒಳಗೆ ಹೋಗದೆ ತಿರುಗಿ ಬಂದ.

ಮೂರು ವಾರದ ಮೇಲೆ ಒಂದು ಬೆಳಗ್ಗೆ, ಆಗಷ್ಟೇ ಬೆಳಕು ಹರಿದಿತ್ತು, ಅವನು ಅದೇ ಹೊಲಕ್ಕೆ ಹೋದಾಗ ನೆಲ್ ಅಲ್ಲಿತ್ತು. ಅವನ ನೆಲ್, ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ನೆಲ್. ಬಾಯಲ್ಲಿ ಮರಿಯೊಂದು ಇನ್ನೂ ಕಾಲು ಝಾಡಿಸುತ್ತಿತ್ತು.

ಸತ್ತ ಮರಿಯನ್ನು ಚೀಲಕ್ಕೆ ಹಾಕಿ, ನಾಯಿಯ ಮೂತಿಯನ್ನು ಹೊಳೆಯಲ್ಲಿ ತೊಳೆದ. ಮನೆಯ ಹಿಂದೆ ಚೀಲ ಹೂಳಲು ಹೊರಟಾಗ ಅವನ ಅಂಗಳದಲ್ಲಿ ಡಿಂಪ್ನಾ ನಿಂತಿದ್ದಳು. ಕೈಯಲ್ಲಿ ನೀಲಿ ಹಗ್ಗ.

"ಬೆಳಗ್ಗೆ ನಡೆದಾಡಬೇಕು ಅಂದಿದಾರೆ ಡಾಕ್ಟರು. ನಾಯಿ ಇಲ್ಲದೆ ಆ ರಸ್ತೆ ಮುಗಿಯೋದೇ ಇಲ್ಲ ಕಣೋ. ಕುರಿಗಳು ಮರಿ ಹಾಕೋ ಕಾಲ ಮುಗಿಯೋವರೆಗೆ ನೆಲ್‌ನ ಕೊಡ್ತೀಯಾ? ನಸುಕಲ್ಲೇ ಬಂದು ಕರ್ಕೊಂಡು ಹೋಗ್ತೀನಿ. ನಿನ್ನ ತಬ್ಬಲಿ ಮರಿಗಳಿಗೆ ಹಾಲೂ ಕುಡಿಸ್ತೀನಿ. ನನ್ನದೂ ಒಂದು ಋಣ ಇದೆಯಲ್ಲ."

ಅವನು ಹೂಂ ಎಂದ. ಚೀಲವನ್ನು ಬೆನ್ನ ಹಿಂದೆ ಸರಿಸಿದ. ನಾಳೆ ಹೇಳುತ್ತೇನೆ ಎಂದುಕೊಂಡ. ಮುಂದೆ ಏಳು ವಸಂತಗಳಲ್ಲಿ ಪ್ರತಿ ಬೆಳಗ್ಗೆ ಅವಳು ನೆಲ್‌ನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ನಡೆದಳು, ಬಗ್ಗಿ ಮರಿಗಳಿಗೆ ಹಾಲು ಕುಡಿಸಿದಳು. ಅವಳ ಮಂಡಿ ಕೆಟ್ಟಿತು, ಕೊನೆಗೆ ಶ್ವಾಸಕೋಶವೂ ಕೆಟ್ಟಿತು. ಪ್ರತಿ ವರ್ಷ ಅಂಗಳಕ್ಕೆ ಕುರ್ಚಿಗಳು ಬಂದ ದಿನ ಅವಳು ಕೂಗಿ ಕರೆದರೂ ಅವನು ಕೆಲಸವಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದ. ಆಗ ಅವಳು ಒಂದು ತುಂಡು ಪೈಯನ್ನು ಬಟ್ಟೆಯಲ್ಲಿ ಕಟ್ಟಿ ಅವನ ಕಿಟಕಿಯ ಮೇಲೆ ಇಟ್ಟು ಹೋಗುತ್ತಿದ್ದಳು.

*

ಇಗರ್ಜಿಯಲ್ಲಿ ಪೀಠದ ಮುಂದೆ ಬ್ರೋನಾ ರೂಬಾರ್ಬ್ ಪೈ ಇಟ್ಟಳು. ಅವಳ ತಮ್ಮ ನಾಯಿ ಉಜ್ಜುವ ಬ್ರಷ್ ಇಟ್ಟ. ಫಾದರ್ ಟಮಲ್ಟಿ ಮೈಕಿನಲ್ಲಿ ಒಂದೊಂದರ ವಿವರ ಹೇಳುತ್ತಿದ್ದರು, ಜನ ಮೆಲ್ಲಗೆ ನಗುತ್ತಿದ್ದರು. ಮಲಾಕಿ ಹಿಂದಿನ ಬಾಗಿಲಿನಿಂದ ಹೊರಟು ಬೆಂಚುಗಳ ನಡುವೆ ನಡೆದು ಬಂದ. ಅರವತ್ತೆಂಟು ವರ್ಷದಲ್ಲಿ ಆ ನಡುದಾರಿ ಅಷ್ಟು ಉದ್ದವಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ಇದು ಕುರಿಮರಿಗಳಿಗೆ ಹಾಲುಣಿಸಿದ ಬಾಟಲಿ," ಎಂದರು ಫಾದರ್. "ತನ್ನ ನಾಯಿಯಿಂದ ನೆರೆಮನೆಯವನಿಗಾದ ನಷ್ಟಕ್ಕೆ ಡಿಂಪ್ನಾ ಏಳು ವರ್ಷ ಪ್ರಾಯಶ್ಚಿತ್ತ ಮಾಡಿಕೊಂಡಳು. ಆ ನೆರೆಯವನೂ ದೊಡ್ಡ ಮನಸ್ಸಿನಿಂದ ಕ್ಷಮಿಸಿದ..."

ಮಲಾಕಿ ಬಾಟಲಿ ಇಡಲಿಲ್ಲ. ಅದನ್ನು ಎದೆಗೆ ಒತ್ತಿ ಹಿಡಿದು ಜನರ ಕಡೆ ತಿರುಗಿದ. ಮುಖ ಬೆಂಕಿಯಾಗಿತ್ತು.

"ಸಾರ್ಜೆಂಟ್ ಮಾಡಿದ್ದಲ್ಲ," ಎಂದ. ಕೆಮ್ಮಿ ಮತ್ತೆ ಶುರುಮಾಡಿದ. "ಅವಳ ನಾಯಿ ಏನೂ ಮಾಡಿರಲಿಲ್ಲ. ನನ್ನ ನೆಲ್ ಮರಿಗಳನ್ನ ಕೊಂದಿದ್ದು. ನನಗೆ ಆಮೇಲೆ ಗೊತ್ತಾಯ್ತು. ಗೊತ್ತಾಗಿಯೂ ಹೇಳಲಿಲ್ಲ."

ಮೂರನೆಯ ಸಾಲಿನಲ್ಲಿ ಫೆಸ್ಟಿ ಹೆಂಡತಿಯ ಕಡೆ ವಾಲಿ, "ಏನಂದ? ಏನಂತೆ ಅವನದು?" ಎಂದು ಕೇಳಿದ.

"ಡಿಂಪ್ನಾ ನಾಯಿನ ಸುಮ್ಮನೆ ಕೊಂದನಂತೆ," ಎಂದು ಅವಳು ಅವನ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಮರಿ ತಿಂದಿದ್ದು ಇವನ ನಾಯಂತೆ. ಏಳು ವರ್ಷ ಬಾಯಿ ಮುಚ್ಕೊಂಡಿದ್ದನಂತೆ."

ಅದು ಎಲ್ಲರಿಗೂ ಕೇಳಿಸಿತು. ಮಲಾಕಿ ಹೇಳಿದ್ದಕ್ಕಿಂತ ಸರಿಯಾಗಿಯೇ ಹೇಳಿದ್ದಳು.

"ಬಾಟಲಿ ಇಡಪ್ಪ ಮಲಾಕಿ," ಎಂದರು ಫಾದರ್ ಮೈಕಿನಿಂದ ದೂರ ಸರಿದು.

ಹಿಂದಿರುಗುವಾಗ ಯಾರೂ ಅವನ ಮುಖ ನೋಡಲಿಲ್ಲ. ಗುಂಡಿಗೆ ಮಣ್ಣು ಹಾಕುವಾಗ ಅವನ ಕೈಗೆ ಸಲಿಕೆ ಕೊಡಲಿಲ್ಲ. ಊಟಕ್ಕೆಂದು ಜನ ಹೋಟೆಲಿನ ಕಡೆ ಹೊರಟರು, ಡೆಲಿಯಾ ಅವನನ್ನು ದಾಟಿ ಮುಂದೆ ಹೋದಳು. ಅವನು ಗೋರಿಯ ಪಕ್ಕದಲ್ಲಿ ಟೋಪಿ ಹಿಸುಕುತ್ತಾ ನಿಂತಿದ್ದ, ಕಾಲ ಬಳಿ ನೆಲ್ ಕೂತಿತ್ತು.

"ಮನೆ ಹತ್ತಿರ ಬನ್ನಿ," ಎಂದಳು ಬ್ರೋನಾ.

*

ಅಂಗಳದಲ್ಲಿ ಕುರ್ಚಿಗಳು ಬಿದ್ದಲ್ಲೇ ಬಿದ್ದಿದ್ದವು. ಬ್ರೋನಾ ಅವನನ್ನು ಕೂರಲು ಹೇಳಲಿಲ್ಲ.

"ಸಾರ್ಜೆಂಟ್ ಹೋದಾಗ ನಾನು ಎರಡು ದಿನ ಅನ್ನ ಮುಟ್ಟಿರಲಿಲ್ಲ," ಎಂದಳು. "ನಿಮಗೆ ಸಮಾಧಾನ ಹೇಳ್ತೀನಿ ಅಂದ್ಕೋಬೇಡಿ. ನನ್ನಿಂದ ಆಗಲ್ಲ."

"ನಾನು ಕೇಳಲ್ಲಮ್ಮ."

"ಒಳಗೆ ಬಂದು ಈ ಕಿಟಕಿಯಿಂದ ನೋಡಿ."

ಅಡುಗೆಮನೆಯ ಕಿಟಕಿಯಲ್ಲಿ ಹೊಳೆಯ ಪಕ್ಕದ ಹೊಲ ಪೂರ್ತಿ ಕಾಣುತ್ತಿತ್ತು. ಮರಿಗಳು ಬಿಸಿಲಿಗೆ ಮೈಚಾಚಿ ಮಲಗಿರುವುದೂ ಕಾಣುತ್ತಿತ್ತು. ಮಲಾಕಿ ಕಿಟಕಿಯ ಚೌಕಟ್ಟು ಹಿಡಿದುಕೊಂಡ.

"ಅವತ್ತು ಬೆಳಗ್ಗೆ ಅತ್ತೆ ಇಲ್ಲೇ ಟೀ ಕಾಯಿಸ್ತಾ ಇದ್ರಂತೆ. ಎಲ್ಲ ನೋಡಿದ್ರು. ನೆಲ್‌ನೂ ನೋಡಿದ್ರು, ನೀವು ಚೀಲ ತುಂಬಿದ್ದನ್ನೂ ನೋಡಿದ್ರು. ಆಸ್ಪತ್ರೇಲಿ ನನಗೆ ಹೇಳಿದ್ರು." ಬ್ರೋನಾ ಮೇಜಿನ ಮೇಲಿದ್ದ ಕಪ್ಪುಗಳನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. "'ಒಂದು ನಾಯಿ ಹೋಗಿದ್ದು ಸಾಕು ಕಣೇ, ಬಾಯಿ ಬಿಟ್ಟರೆ ಇನ್ನೊಂದೂ ಹೋಗುತ್ತೆ' ಅಂದ್ರು. ಅದಕ್ಕೇ ಬೆಳಕು ಹರಿಯೋ ಮುಂಚೆ ಅದನ್ನ ತಮ್ಮ ಕೈಗೆ ಕಟ್ಟಿಕೊಳ್ತಿದ್ದರು. ಯಾವ ಡಾಕ್ಟರೂ ನಡೀರಿ ಅಂದಿರಲಿಲ್ಲ."

ಮಲಾಕಿ ಕಿಟಕಿಯಿಂದ ಕಣ್ಣು ತೆಗೆಯದೆ, "ನನಗೆ ಯಾಕೆ ಒಂದು ಮಾತು ಹೇಳಲಿಲ್ಲ?" ಎಂದ.

"'ಅವನಾಗೇ ಹೇಳ್ತಾನೆ, ಒಳ್ಳೆಯವನು' ಅಂತಿದ್ರು. ಕುರ್ಚಿ ಹೊರಗೆ ಹಾಕಿದ ದಿನವೆಲ್ಲ ಕಾಯ್ತಿದ್ರು. ಅತ್ತೆ ಹೋಗಿದ್ದು ಮಂಗಳವಾರ, ಇವತ್ತು ಶುಕ್ರವಾರ. ಮೂರು ದಿನ ತಡ ಮಾಡಿದ್ರಿ ಮಲಾಕಿ."

ಅವನಿಗೆ ಆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಕೆಂಪು ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಅವಳ ಕುರ್ಚಿಯನ್ನೂ ಎತ್ತಿ ಅದರ ಎದುರಿಗೆ ಇಟ್ಟ. ಬಂದು ಕೂತರೆ ಕೂರಲಿ ಎನಿಸಿತು.

"ನೆಲ್, ಬಾ," ಎಂದು ಕರೆದ.

ನೆಲ್ ಬರಲಿಲ್ಲ. ಅದು ಬಾಗಿಲ ಪಕ್ಕಕ್ಕೆ ಹೋಗಿತ್ತು. ಅಲ್ಲಿ ಮೊಳೆಗೆ ನೀಲಿ ಹಗ್ಗ ನೇತಾಡುತ್ತಿತ್ತು, ಕುತ್ತಿಗೆಯ ಕಡೆಯ ಕುಣಿಕೆಯಲ್ಲಿ ಕಪ್ಪು ಕೂದಲು ಅಂಟಿತ್ತು, ಮಣಿಕಟ್ಟಿನ ಕಡೆಯ ಕುಣಿಕೆ ಸವೆದು ಬಿಳಿಚಿತ್ತು. ನಾಯಿ ಅದರ ಕೆಳಗೆ ನಿಂತು, ಬಾಲವನ್ನು ಮೆಲ್ಲಗೆ ಆಡಿಸುತ್ತಾ, ಕಟ್ಟಿಸಿಕೊಳ್ಳಲು ಕುತ್ತಿಗೆ ಮುಂದಕ್ಕೆ ಚಾಚಿ ಕಾಯುತ್ತಿತ್ತು.