ಸಪ್ಪೆ ಬೈಗುಳ

ಅಳುಮುಂಜಿ ಅಂತ ಕರೆದರೆ ಅವಳಿಗೆ ಬೇಸರವಿರಲಿಲ್ಲ. ಅನ್ನ ಹಾಕುತ್ತಿದ್ದುದೇ ಆ ಅಳು. ಬೇರೆ ಭಾಷೆಯಿಂದ ಬರುವ ಧಾರಾವಾಹಿಗಳಲ್ಲಿ ತಾಯಂದಿರಿಗೆಲ್ಲ ದನಿ ಕೊಡುವವಳು ಅವಳೇ. ಆ ತಾಯಂದಿರಿಗೋ ಅಳುವುದು, ಹರಸುವುದು, ಬಾಗಿಲಲ್ಲಿ ನಿಂತು ದಾರಿ ಕಾಯುವುದು ಬಿಟ್ಟರೆ ಬೇರೆ ಕಸುಬಿರಲಿಲ್ಲ. ಯಾವ ಪುಣ್ಯಾತ್ಮ ಆ ಕಥೆಗಳನ್ನು ಬರೆಯುತ್ತಿದ್ದನೋ, ಇಷ್ಟು ವರ್ಷಗಳಲ್ಲಿ ಒಬ್ಬ ತಾಯಿಯ ಬಾಯಿಂದಲೂ ಒಂದು ಗಟ್ಟಿ ಮಾತು ಆಡಿಸಿರಲಿಲ್ಲ. ಹೊರಗೂ ಅವಳು ಹಾಗೇ. ಮನೆ ಮಾಲೀಕ ನಲ್ಲಿ ನೀರು ನಿಲ್ಲಿಸಿದರೂ ‘ಪರವಾಗಿಲ್ಲ ಬಿಡಿ’ ಎನ್ನುವ ಪೈಕಿ. ಮೈಕಿನ ಮುಂದೆ ಮಾತ್ರ ಅವಳು ರಾಣಿ. ಮೈಕು ಎಲ್ಲೇ ಇರಲಿ, ಕತ್ತು ತಾನಾಗಿ ಅತ್ತ ತಿರುಗುತ್ತಿತ್ತು, ತುಟಿ ತಾನಾಗಿ ಒಂದು ಗೇಣು ದೂರದಲ್ಲಿ ನಿಲ್ಲುತ್ತಿತ್ತು.

ಅಂಥ ಸಾಧು ಹೆಂಗಸೂ ಈಗ ಸ್ಟುಡಿಯೋ ಗೇಟಿನ ಮುಂದೆ ಮುಷ್ಕರಕ್ಕೆ ಕೂತಿದ್ದಳು. ದನಿ ಕೊಡುವವರೆಲ್ಲ ಕೇಳುತ್ತಿದ್ದುದು ಇಷ್ಟೇ: ನಮ್ಮನ್ನು ಕೇಳದೆ ನಮ್ಮ ದನಿಯನ್ನು ಯಂತ್ರಕ್ಕೆ ಉಣಿಸಬೇಡಿ, ಉಣಿಸಿದರೆ ಅದಕ್ಕೂ ಕೂಲಿ ಕೊಡಿ. ‘ಸ್ಟುಡಿಯೋದಲ್ಲಿ ದಾಖಲಾದದ್ದೆಲ್ಲ ಸ್ಟುಡಿಯೋದ್ದೇ ಅಂತ ಸಹಿ ಹಾಕಿದ್ದೀರಲ್ಲ’ ಎಂದು ಮಾಲೀಕರು ಕೈ ತೊಳೆದುಕೊಂಡಿದ್ದರು. ಹಾಕಿದ್ದರು, ನಿಜ. ಹಸಿದವರು ಸಹಿ ಹಾಕುವ ಮುಂಚೆ ಓದುತ್ತಾರೆಯೇ?

ಒಂದು ಸಂಜೆ ಅವಳು ಮನೆಗೆ ಬಂದಾಗ ಅಮ್ಮ ಟಿವಿಯ ಮುಂದೆ ಕೂತಿದ್ದಳು. ಅಮ್ಮನಿಗೆ ಕಣ್ಣು ಕಾಣುವುದು ನಿಂತು ಬಹಳ ಕಾಲವಾಗಿತ್ತು. ಮಗಳ ದನಿ ಕೇಳುವುದಕ್ಕೆಂದೇ ಧಾರಾವಾಹಿ ಹಾಕಿಸಿಕೊಳ್ಳುತ್ತಿದ್ದಳು.

“ಬಂದ್ಯಾ? ಆ ಮಗ ತಾಯೀನ ಮನೆಯಿಂದ ಆಚೆ ಹಾಕಿಬಿಟ್ಟ ನೋಡು ಇವತ್ತು. ಬಾಗಿಲು ತೆಗಿ ಅಂತ ಅಳ್ತೀಯಲ್ಲ, ನಾನೂ ಸೆರಗಲ್ಲಿ ಕಣ್ಣೊರೆಸ್ಕೊಂಡೆ. ಆದ್ರೆ ಆಮೇಲೆ ಬೈದದ್ದು ಮಾತ್ರ ಸಪ್ಪೆ ಕಣೆ. ಉಪ್ಪಿಲ್ಲದ ಅಡುಗೆ.”

“ಯಾವಾಗ ಬೈದೆ ನಾನು?” ಎಂದಳು ಮಗಳು. ಮಗ ತಾಯಿಯನ್ನು ಹೊರಹಾಕುವ ಕಂತಿಗೆ ಅವಳು ದನಿ ಕೊಟ್ಟೇ ಇರಲಿಲ್ಲ.

ಮರುದಿನ ಗೇಟಿನ ಬಳಿ ಆ ಕಂತು ನೋಡಿದ್ದವರು ಯಾರೂ ಅವಳಿಗೆ ಚಾಪೆಯಲ್ಲಿ ಜಾಗ ಬಿಡಲಿಲ್ಲ. ಖಳ ಎದ್ದು ಬಂದ. ಖಳನಾಯಕರಿಗೆಲ್ಲ ದನಿ ಕೊಡುವವನು ಅವನು. ತೆರೆಯ ಮೇಲೆ ಊರಿಗೆ ಊರೇ ಸುಡಿಸುವ ಆ ಮನುಷ್ಯ ಜಿರಳೆ ಕಂಡರೆ ಕುರ್ಚಿ ಹತ್ತುತ್ತಿದ್ದ. ಅವಳಿಗೆ ಅಣ್ಣನಿದ್ದಂತೆ. ಇವತ್ತು ಅವನ ಮುಖ ಬಿಗಿದಿತ್ತು.

“ಹಗಲು ನಮ್ಮ ಜೊತೆ ಕೂತು, ಆಮೇಲೆ ಹಿಂದಿನ ಬಾಗಿಲಿಂದ ಒಳಗೆ ಹೋಗ್ತೀಯಾ?”

“ಅಣ್ಣಾ, ಅದು ನಾನಲ್ಲ. ಯಂತ್ರ.”

“ಯಂತ್ರ ಹಂಗೆ ಅಳುತ್ತಾ? ನನ್ನ ದನೀನೂ ಹಾಕಿ ನೋಡಿದ್ರಂತೆ, ಬಸ್‌ಸ್ಟ್ಯಾಂಡ್ ಪ್ರಕಟಣೆ ಥರ ಬಂತಂತೆ.”

ಅವಳು ಸಾವಿರ ಕಂತುಗಳಲ್ಲಿ ಜೀವ ಸುರಿದು ಅತ್ತಿದ್ದಳು. ಬಿಕ್ಕುವುದಕ್ಕೆ ಮುಂಚಿನ ಉಸಿರನ್ನೂ ಬಿಡದೆ ಕೊಟ್ಟಿದ್ದಳು. ಮೈಗಳ್ಳತನ ಮಾಡಿದ್ದರೆ ಇವತ್ತು ಬಚಾವಾಗುತ್ತಿದ್ದಳು.

“ಬೈಯೋದು ಕೇಳಿ ನೋಡಿ, ನಮ್ಮಮ್ಮನೇ ಹೇಳಿದ್ಲು, ಸಪ್ಪೆ ಅಂತ. ನಾನು ಯಾವತ್ತೂ ಬೈದೇ ಇಲ್ಲ, ಅದಕ್ಕೇ ಯಂತ್ರಕ್ಕೂ ಬರಲ್ಲ.”

“ನೀನು ಬೈದ್ರೂ ಸಪ್ಪೇನೇ ಇರುತ್ತೆ ಬಿಡು,” ಎಂದು ಚಾಪೆಯ ಮೇಲಿನಿಂದ ಯಾರೋ ಅಂದರು. ಕೆಲವರು ನಕ್ಕರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ಬೈದದ್ದನ್ನು ಕೇಳಿದವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ, ಅವಳೂ ಸೇರಿದಂತೆ.

ಅಷ್ಟರಲ್ಲಿ ಸ್ಟುಡಿಯೋ ಮಾಲೀಕರ ಕಾರು ಬಂತು. ಗೇಟು ತೆರೆಯುವವರೆಗೆ ನಿಂತ ಕಾರಿನ ಗಾಜು ಅರ್ಧ ಇಳಿಯಿತು. “ಏನಮ್ಮಾ, ನಿಮ್ಮ ಕೆಲಸ ನಿಲ್ಲಲೇ ಇಲ್ಲವಲ್ಲ!” ಎಂದು ಅವರು ನಗುತ್ತಾ ಒಳಗೆ ಹೋದರು.

ಅವಳೊಳಗೆ ಏನೋ ಕಿತ್ತುಕೊಂಡು ಎದ್ದಿತು. ಎಲ್ಲಿತ್ತೋ ಇಷ್ಟು ದಿನ.

“ನಾಚಿಕೆ ಆಗಲ್ವೇನ್ರೋ ನಿಮಗೆ! ನನ್ನ ಗಂಟಲು ನಿಮ್ಮಪ್ಪನ ಮನೆ ಆಸ್ತಿನಾ? ಇಷ್ಟು ವರ್ಷ ಅತ್ತು ನಿಮ್ಮ ಹೊಟ್ಟೆ ತುಂಬಿಸಿದೆ. ಕಳ್ಳರು ಕೂಡ ಕತ್ತಲಲ್ಲಿ ಬರ್ತಾರೆ, ನೀವು ಹಗಲಲ್ಲೇ ಬಂದ್ರಲ್ಲೋ!”

‘ನಾಚಿಕೆ’ ಎನ್ನುವಲ್ಲಿ ದನಿ ಎರಡಾಗಿ ಸೀಳಿತ್ತು. ಅಂಥ ದನಿ ತನ್ನದೆಂದು ಅವಳಿಗೇ ಗೊತ್ತಿರಲಿಲ್ಲ. ಬೈಯುತ್ತಾ ಹೋದಳು. ನೀರು ನಿಲ್ಲಿಸಿದ ಮನೆ ಮಾಲೀಕನದ್ದೂ ಸೇರಿ ಎಲ್ಲ ಬಾಕಿಯೂ ಅವತ್ತೇ ತೀರಿತು. ಮೈಯೆಲ್ಲ ಹಗುರವಾಯಿತು.

ಅವಳು ನಿಲ್ಲಿಸಿದಾಗ ಖಳನ ಕಣ್ಣು ಒದ್ದೆಯಾಗಿತ್ತು. “ಆ ಯಂತ್ರ ಏಳು ಜನ್ಮ ಎತ್ತಿದ್ರೂ ಹಿಂಗೆ ಬೈಯಲ್ಲ. ತಪ್ಪಾಯ್ತು ತಾಯಿ,” ಎಂದು ಅವಳ ಕೈ ಹಿಡಿದುಕೊಂಡ. ಚಾಪೆಯ ನಡುವೆ ಜಾಗವಾಯಿತು. ಯಾರೋ ಟೀ ತಂದರು. ಅವತ್ತು ಅವಳು ಅಳುಮುಂಜಿಯಾಗಿರಲಿಲ್ಲ.

ಆ ವಾರವೇ, ಇನ್ನೊಂದು ಸಂಜೆ. ಅವಳು ಚಪ್ಪಲಿ ಬಿಡುತ್ತಿದ್ದಾಗಲೇ ಒಳಗಿನಿಂದ ಕೇಳಿಸಿತು.

“ನಾಚಿಕೆ ಆಗಲ್ವೇನೋ ನಿನಗೆ!”

ಅದೇ ಸೀಳು. ಅದೇ ಜಾಗದಲ್ಲಿ.

“ಬಾರೆ, ಬಾ! ಇವತ್ತು ಬೈದೆ ನೋಡು ಮಗನಿಗೆ! ಇಷ್ಟು ವರ್ಷಕ್ಕೆ ನನ್ನ ಮಗಳಿಗೆ ಬಾಯಿ ಬಂತು,” ಎಂದು ಅಮ್ಮ ಕೂತಲ್ಲೇ ಕೈ ತಟ್ಟಿದಳು.

ಅವಳು ಬಾಗಿಲಲ್ಲೇ ನಿಂತಳು. ಗೇಟಿನ ಕಂಬದಲ್ಲೊಂದು ಪೆಟ್ಟಿಗೆಯಿತ್ತು. ಬಂದವರು ಅದರ ಮುಂದೆ ನಿಂತು ತಾವು ಯಾರೆಂದು ಹೇಳಿದರೆ ಒಳಗಿನ ಕಾವಲುಗಾರ ಗೇಟು ತೆರೆಯುತ್ತಿದ್ದ. ಅದರಲ್ಲಿ ಮೈಕಿತ್ತು, ಆಡಿದ್ದೆಲ್ಲ ಸ್ಟುಡಿಯೋದೊಳಗೆ ದಾಖಲಾಗುತ್ತಿತ್ತು. ಕಾರು ಒಳಗೆ ಹೋಗಿದ್ದು ಎಡಕ್ಕೆ, ಅವಳು ಬೈದದ್ದು ಬಲಕ್ಕೆ ತಿರುಗಿ, ಆ ಕಂಬಕ್ಕೆ. ಸುತ್ತಲಿದ್ದವರೂ ಮೈಕಿನವರೇ, ಮೈಕಿನ ಮುಂದೆ ನಿಂತು ಮಾತಾಡುವುದು ಅವರಲ್ಲಿ ಒಬ್ಬರಿಗೂ ವಿಚಿತ್ರವೆನಿಸಿರಲಿಲ್ಲ. ತುಟಿಗೂ ಪೆಟ್ಟಿಗೆಗೂ ನಡುವೆ ಒಂದು ಗೇಣು ಜಾಗ ಬಿಟ್ಟದ್ದು ಈಗ ಅವಳಿಗೆ ಚೆನ್ನಾಗಿ ನೆನಪಾಯಿತು.

ಬ್ಯಾಗಿನಲ್ಲಿ ಫೋನು ಅದುರಿತು. ಖಳ. ಅವನೂ ನೋಡುತ್ತಿರಬೇಕು. ಅವಳು ಎತ್ತಲಿಲ್ಲ. ಎತ್ತಿ ಏನು ಹೇಳುವುದು? ಅದು ನಾನಲ್ಲ ಎನ್ನುವುದಕ್ಕೆ ಇನ್ನೊಂದು ಸಲ ಏನನ್ನು ತೋರಿಸುವುದು? ತೋರಿಸಿದರೆ ಅದೂ ಯಂತ್ರದ ಪಾಲಾಗುತ್ತದೆ.

ಟಿವಿಯಲ್ಲಿ ತಾಯಿ ಬೈಯುತ್ತಲೇ ಇದ್ದಳು. ಅಮ್ಮ ಬಾಗಿಲ ಕಡೆ ಮುಖ ತಿರುಗಿಸಿ ಕಿವಿಗೊಟ್ಟಳು.

“ಯಾಕೆ, ಮಾತೇ ಇಲ್ಲ? ಬಂದವಳು ನೀನೇ ತಾನೇ?”

ಅವಳು ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡು, ಹತ್ತಿರ ಹೋಗಿ ಅಮ್ಮನ ಕೈಯನ್ನು ಎತ್ತಿ ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು.