ಎರಡು, ಮೂರು ಮತ್ತು ಟೇಪಿನ ಬಾಲ

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಕಾರಿನಿಂದ ಅನ್ನುತ್ತೀರಿ. ಹಾಗೆ ಮಾಡಿದರೆ ಕಥೆಯೂ ಕಾರಿನ ಪಾಲಾಗುತ್ತದೆ. ಆ ಮನೆಯ ಭಾನುವಾರಗಳು, ಮೆತ್ತನೆಯ ಟವೆಲುಗಳು, ಮುಚ್ಚಳ ಸರಿಯಾಗಿ ಕೂರುತ್ತಿದ್ದ ಒಂದೇ ಒಂದು ಸ್ಟೀಲ್ ಡಬ್ಬಿ, ಎಲ್ಲವೂ ಈಗಾಗಲೇ ಅದರ ಪಾಲಾಗಿವೆ. ಕಥೆಯಾದರೂ ಅವಳಿಗಿರಲಿ.

ಮೊದಲ ಡ್ರಾಫ್ಟು: "ಅವಳು ತುಂಬ ತಾಳ್ಮೆಯ ಹೆಂಗಸು." ಹೊಡೆದುಹಾಕಿದೆ.

ಎರಡನೆಯದು: "ಅವಳಿಗೆ ಹೊಟ್ಟೆಕಿಚ್ಚು." ಇದು ಪರವಾಗಿಲ್ಲ. ಆದರೆ ಯಾರ ಮೇಲೆ? (ಒಂದು ನಿಮಿಷ, ಒಲೆಯ ಮೇಲೆ ಹಾಲಿದೆ.)

ಬಂದೆ. ಇನ್ನೊಂದು ಮಾತು. ಕೆಳಗಿನ ಭಾಗಗಳ ನಂಬರು ೧, ೩, ೪, ೨ ಎಂದಿದೆ. ಅಚ್ಚಿನ ತಪ್ಪಲ್ಲ. ಆ ಕಾರಿನ ನಾಲ್ಕು ಸಿಲಿಂಡರುಗಳಲ್ಲಿ ಕಿಡಿ ಹಾರುವುದು ಇದೇ ಸರದಿಯಲ್ಲಿ. ನೀವು ಮೇಲಿಂದ ಕೆಳಗೆ ಓದಿದರೆ ಸಾಕು.

೧

ಅವಳ ಗಂಡ ನಕ್ಷೆ ಬರೆಯುವ ಆಫೀಸಿನಲ್ಲಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ, ಮುಚ್ಚಿಹೋದ ಗ್ಯಾರೇಜೊಂದರ ಹಿತ್ತಿಲಿನಿಂದ ಹಳೆಯ ಕಾರೊಂದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಮಗಳು ಅದರ ಬಾನೆಟ್ಟಿನೊಳಗಿನ ಕಂಪನಿ ತಗಡು ಒರೆಸಿ, ಹುಟ್ಟಿದ ವರ್ಷ ಲೆಕ್ಕ ಹಾಕಿದಳು.

"ಅಮ್ಮನಿಗಿಂತ ಆರು ವರ್ಷ ದೊಡ್ಡದು ಕಣಪ್ಪಾ! ಹಾಗಾದ್ರೆ ಇವಳು ದೊಡ್ಡಮ್ಮ."

ದೊಡ್ಡಮ್ಮನೆಂದೇ ಹೆಸರಾಯಿತು. ಅಪ್ಪ ಮಗಳನ್ನು ಮರಿಮೇಸ್ತ್ರಿ ಅಂದ. ಅಮ್ಮನಿಗೆ ಹೊಸ ಹೆಸರಿಡಲು ಯಾರಿಗೂ ನೆನಪಾಗಲಿಲ್ಲ.

ಹದಿನೈದರ ಆ ಹುಡುಗಿ ಮನೆಯೊಳಗೆ ತಾಯಿಯ ಹತ್ತಿರ ಆಡುತ್ತಿದ್ದದ್ದು ಮೂರೇ ಮಾತು: ಹೂಂ, ಗೊತ್ತು, ಆಮೇಲೆ. ಶೆಡ್ಡಿಗೆ ಹೋಗಿ ಬಾನೆಟ್ಟಿನ ಕೆಳಗೆ ತಲೆ ತೂರಿಸಿದಳೋ, ನಲ್ಲಿ ಬಿಟ್ಟ ಹಾಗೆ ಮಾತು. ಕ್ಲಾಸಿನಲ್ಲಿ ಯಾರು ಯಾರ ಜೊತೆ ಟೂ ಬಿಟ್ಟರು, ಯಾವ ಟೀಚರ್ ಅತ್ತರು, ತನಗೆ ಯಾಕೆ ನಿದ್ದೆ ಬರುವುದಿಲ್ಲ. ಪಾತ್ರೆ ತೊಳೆಯುವ ಸಿಂಕಿನ ಮೇಲಿನ ಕಿಟಕಿ ಶೆಡ್ಡಿನ ಕಡೆಗೇ ಇತ್ತು. ತನ್ನ ಮಗಳ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ಆ ಕಿಟಕಿಯಿಂದ ಬಂದದ್ದು. ಕಿಡಿಯ ಸರದಿಯೂ ಅಲ್ಲಿಂದಲೇ.

ಒಮ್ಮೆ ಅವಳೂ ಶೆಡ್ಡಿಗೆ ಹೋಗಿ, "ನಾನೇನಾದ್ರೂ ಹಿಡ್ಕೊಳ್ಲಾ?" ಎಂದಿದ್ದಳು.

"ಬೇಡ ಬಿಡು, ಕೈ ಗಲೀಜಾಗುತ್ತೆ," ಎಂದ ಗಂಡ.

ಯಾರ ಕೈ ಬಗ್ಗೆ ಹೇಳುತ್ತಿದ್ದಾನೆ ಈತ ಎಂದು ಅವಳು ಎರಡು ದಿನ ಯೋಚಿಸಿದಳು.

೩

ಆ ಶನಿವಾರದ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಹೊಸ ಪ್ಲಗ್ಗು ಹಾಕಲು ಬಿಚ್ಚಿದ್ದ ನಾಲ್ಕು ಕಪ್ಪು ವೈರುಗಳು ತೂಗುತ್ತಿದ್ದವು. ಯಾವ ವೈರು ಯಾವ ಪ್ಲಗ್ಗಿಗೆಂದು ತಪ್ಪದಿರಲು ಒಂದೊಂದಕ್ಕೂ ಬಿಳಿ ಟೇಪು ಸುತ್ತಿ, ಮಗಳ ಅಕ್ಷರದಲ್ಲಿ ನಂಬರು. ಭಾನುವಾರ ಬೆಳಗ್ಗೆ ಸಿಕ್ಕಿಸಿ ಸ್ಟಾರ್ಟ್ ಮಾಡುವುದೊಂದೇ ಬಾಕಿ.

ಊಟಕ್ಕೆ ಕೂತಾಗ ಅವಳು ಕೇಳಿದಳು, "ನಾಳೆ ನಾನು ಯಾವ ಸೀರೆ ಉಡ್ಲಿ?"

"ಸೀರೆ ಯಾಕೆ?" ಎಂದಳು ಮಗಳು. "ಹಿಂದಿನ ಸೀಟು ಇನ್ನೂ ಕೂರಿಸಿಲ್ಲಮ್ಮ. ಇಬ್ಬರಿಗೇ ಜಾಗ. ನೀನು ಗೇಟ್ ತೆಗಿ."

ನೀನು ಗೇಟ್ ತೆಗಿ.

ಅಪ್ಪ ಮಗಳು ಪೆಟ್ರೋಲು ತರಲು ಹೋದಾಗ ಅವಳು ಶೆಡ್ಡಿಗೆ ಹೋದಳು. ಎರಡರ ಟೇಪು ಬಿಡಿಸಿ ಮೂರಕ್ಕೆ ಸುತ್ತಿದಳು, ಮೂರರದ್ದು ಎರಡಕ್ಕೆ.

(ಇಲ್ಲಿ ಅವಳು ನನ್ನ ಜೊತೆ ಜಗಳಕ್ಕೆ ಬಂದಳು. "ನಾನು ಬೇಕಂತ ಮಾಡಲಿಲ್ಲ. ಕೈ ತಾನಾಗೇ ಹೋಯ್ತು ಅಂತ ಬರಿ." ಬರೆಯಲಾರೆ. ಅಂಟಿಕೊಂಡ ಟೇಪನ್ನು ಉಗುರಿನಿಂದ ಹರಿಯದ ಹಾಗೆ ಎಬ್ಬಿಸಲು ಎಷ್ಟು ಗಮನ ಬೇಕೆಂದು ನನಗೂ ಗೊತ್ತು, ತಾಯಿ. "ಹಾಗಾದ್ರೆ ನನ್ನನ್ನ ಸ್ವಲ್ಪ ಅಳಿಸು." ನೀನು ಅಳಲಿಲ್ಲವಲ್ಲ. ನಿನಗೆ ಖುಷಿಯಾಯಿತು.)

ಸುತ್ತಿದ ಮೇಲೆ ಎರಡೂ ಟೇಪಿನ ತುದಿ ಒಂದಿಷ್ಟು ಮಡಚಿದಳು. ಅದು ಮಾತ್ರ ಕೈ ತಾನಾಗೇ ಮಾಡಿದ್ದು. ಸಕ್ಕರೆ ಪ್ಯಾಕೆಟ್ಟಾಗಲಿ, ಗಾಯದ ಪಟ್ಟಿಯಾಗಲಿ, ಬಿಚ್ಚುವಾಗ ಸುಲಭವಾಗಲೆಂದು ಅವಳು ತುದಿ ಮಡಚದೆ ಬಿಟ್ಟವಳಲ್ಲ. ಮಂಡಿ ತರಚಿಕೊಂಡು ಬಂದಾಗ ಪುಟ್ಟ ಮಗಳು ಅಳುತ್ತಲೇ ಹೇಳುತ್ತಿದ್ದಳು, "ಬಾಲ ಮಾಡಮ್ಮಾ, ಬಾಲ ಮಾಡು."

(ಇದನ್ನು ನೆನಪಿಟ್ಟುಕೊಳ್ಳಿ ಎಂದು ಹೇಳುವುದು ಕತೆಗಾರ್ತಿಗೆ ಶೋಭೆಯಲ್ಲ. ಆದರೂ ಇಟ್ಟುಕೊಳ್ಳಿ.)

೪

ಭಾನುವಾರ ದೊಡ್ಡಮ್ಮ ಕೆಮ್ಮಿದಳು, ಕುಂಟಿದಳು, ಕಾರ್ಬ್ಯುರೇಟರಿನಲ್ಲಿ ಡಬ್ಬೆಂದು ಸದ್ದು ಮಾಡಿ ನಿಂತಳು. ಗೇಟಿನ ಹತ್ತಿರ ನಿಂತಿದ್ದವಳು, "ಅಯ್ಯೋ ಪಾಪ," ಎಂದು ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದಳು. ಅಂದಿನ ಕಾಫಿ ಬಹಳ ಚೆನ್ನಾಗಿತ್ತಂತೆ.

ಕೆಟ್ಟ ಕಾರು ಕಂಡು ಅವರಿಗೆ ಬೇಜಾರಾಗುತ್ತದೆ, ಸಾಕಾಗಿ ಮನೆಯೊಳಗೆ ಬರುತ್ತಾರೆ ಎಂಬುದು ಅವಳ ಲೆಕ್ಕ. ಮೂರ್ಖಿ. ಹಳೇ ಕಾರಿನ ಹುಚ್ಚಿನವರಿಗೆ ಓಡುವ ಕಾರಿಗಿಂತ ಕೆಟ್ಟ ಕಾರೇ ಹಬ್ಬ. ಅವರು ಊಟದ ತಟ್ಟೆಯನ್ನೂ ಶೆಡ್ಡಿಗೇ ಒಯ್ದರು. ಒಂದು ಭಾನುವಾರ ಕಾರ್ಬ್ಯುರೇಟರು ಬಿಚ್ಚಿ, ಅವಳದೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಮತ್ತೊಂದು ಭಾನುವಾರ ಇಡೀ ಪೆಟ್ರೋಲ್ ಪೈಪು. ಅವಳು ಕಿತ್ತುಕೊಳ್ಳಲು ಹೋಗಿ, ಇಬ್ಬರಿಗೂ ಮೂರು ವಾರ ಉಡುಗೊರೆ ಕೊಟ್ಟಿದ್ದಳು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಕಿಟಕಿಯಲ್ಲಿ ಕೇಳಿಸಿತು:

"ಅಪ್ಪಾ, ವೈರ್ ಒಂದ್ಸಲ ನೋಡೋಣ್ವಾ?"

"ಅದನ್ನೇನು ನೋಡೋದು? ನಂಬರ್ ಬರೆದದ್ದು ನೀನು. ನನ್ನ ಕೈ ಮೇಲೆ ನನಗೆ ಅನುಮಾನ, ನಿನ್ನ ಕೈ ಮೇಲಿಲ್ಲ."

ಹದಿನೇಳು ವರ್ಷದ ಸಂಸಾರದಲ್ಲಿ ಉಪ್ಪು ಹಾಕಿದ್ದೀಯಾ ಎಂದು ದಿನಾ ಕೇಳುವವನು! ಅವಳ ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು. ಒಡೆಯಲಿಲ್ಲ, ಸ್ಟೀಲು.

ಮೂರನೆಯ ಭಾನುವಾರ ಶೆಡ್ಡಿನಿಂದ ಮಾತೇ ಕೇಳಿಸಲಿಲ್ಲ. ಇಣುಕಿದರೆ, ಮಗಳು ಟೈರಿನ ಮೇಲೆ ಕೂತು ಮೊಣಕಾಲಲ್ಲಿ ಮುಖ ಇಟ್ಟಿದ್ದಳು. "ನಂಗೆ ಇದೆಲ್ಲ ಬರಲ್ಲಪ್ಪ. ನಾನು ಕೈಹಾಕಿದ್ದಕ್ಕೇ ಕೆಟ್ಟಿದ್ದು. ಯಾರಾದ್ರೂ ಮೆಕ್ಯಾನಿಕ್ಕಿಗೆ ಕೊಟ್ಬಿಡು."

ತಾಯಿಗೆ ಬೇಕಾಗಿದ್ದದ್ದು ಇದೇ ತಾನೆ? ಕೈ ಒರೆಸಿಕೊಂಡು ಶೆಡ್ಡಿಗೆ ಓಡಿದಳು.

೨

ಈಗ ಕೊನೆ. ನನ್ನ ಹತ್ತಿರ ಮೂರು ಕೊನೆಗಳಿವೆ, ಮಡಚಬೇಕಾದ ಬಟ್ಟೆ ಒಂದು ರಾಶಿ ಇದೆ.

ಮೊದಲನೆಯದು: ಅವಳು ತಪ್ಪೊಪ್ಪಿಕೊಂಡಳು, ಮೂವರೂ ಬಿದ್ದು ಬಿದ್ದು ನಕ್ಕರು. ಇಂಥ ಮನೆ ನೀವು ನೋಡಿದ್ದರೆ ವಿಳಾಸ ಕೊಡಿ.

ಎರಡನೆಯದು: ಯಾರಿಗೂ ತಿಳಿಯದ ಹಾಗೆ ಟೇಪು ವಾಪಸು ಬದಲಾಯಿಸಿದಳು. ("ಇದೇ ಇರಲಿ," ಎಂದಳು ಅವಳು, ನನ್ನ ಭುಜದ ಹಿಂದಿನಿಂದ. ಆಗಲ್ಲ ಕಣೇ. ಅವರಿಬ್ಬರೂ ಅಲ್ಲೇ ಕೂತಿದ್ದಾರೆ.)

ಮೂರನೆಯದನ್ನು ಅವಳು ನನ್ನನ್ನು ಕೇಳದೆ ತಾನೇ ಮಾಡಿದಳು. ಶೆಡ್ಡಿನ ಬಾಗಿಲಲ್ಲಿ ನಿಂತು, "ಒಂದ್ಸಲ ಸ್ಟಾರ್ಟ್ ಮಾಡ್ರಿ," ಎಂದಳು. ಕೆಮ್ಮು ಕೇಳಿದಳು. ಡಾಕ್ಟರ ಹಾಗೆ ತಲೆ ಓರೆ ಮಾಡಿದಳು. "ಎರಡು ಮೂರು ಅದಲುಬದಲಾದ ಸದ್ದು ಇದು. ವೈರು ಬದಲಾಯಿಸಿ ನೋಡಿ."

ಗಂಡ ನಕ್ಕ. ಆಮೇಲೆ ಬದಲಾಯಿಸಿದ. ದೊಡ್ಡಮ್ಮ ಒಂದೇ ಸಲಕ್ಕೆ ನಾಲ್ಕೂ ಕಾಲಿನಲ್ಲಿ ಎದ್ದು ಗುರುಗುಟ್ಟಿದಳು.

"ಏನೇ ಇದು! ಸಿಂಕಿನ ಹತ್ತಿರ ನಿಂತು ಕಲಿತ್ಯಾ?" ಎಂಜಿನ್ನಿನ ಸದ್ದಿನ ಮೇಲೆ ಕೂಗಿದ ಗಂಡ. ಅವನು ಅವಳನ್ನು ಹಾಗೆ ನೋಡಿ ವರ್ಷಗಳಾಗಿದ್ದವು. "ಬಾ, ಹತ್ತು! ಮುಂದಿನ ಸೀಟು ನಿಂದು!"

ಸೀಟು ಸಿಕ್ಕಿತು. ಆದರೆ ಅವಳು ನೋಡುತ್ತಿದ್ದದ್ದು ಮಗಳ ಕಡೆ. ಮಗಳು ಬಾನೆಟ್ಟಿನ ಕೆಳಗೆ ಬಗ್ಗಿ, ತಪ್ಪು ನಂಬರಿನ ಟೇಪು ಕೀಳಲು ಹೆಬ್ಬೆರಳು ಇಟ್ಟಿದ್ದಳು. ಹೆಬ್ಬೆರಳು ನಿಂತಿತು. ತುದಿಯಲ್ಲಿ ಮಡಚಿದ ಪುಟ್ಟ ಬಾಲ. ಇನ್ನೊಂದು ವೈರು ನೋಡಿದಳು. ಅಲ್ಲೂ ಬಾಲ. ಒಂದಕ್ಕೂ ನಾಲ್ಕಕ್ಕೂ ಇಲ್ಲ.

ಮಗಳು ತಲೆಯೆತ್ತಿ ಅಮ್ಮನನ್ನು ನೋಡಿದಳು. ನಂತರ ಅಪ್ಪನ ಕಡೆ ತಿರುಗಿ, "ನಾನೇ ತಪ್ಪು ಅಂಟಿಸಿದ್ದೆ ಕಣಪ್ಪ," ಎಂದು ಟೇಪುಗಳನ್ನು ಮುಷ್ಟಿಯಲ್ಲಿ ಉಂಡೆ ಮಾಡಿದಳು.

"ಎಂಜಿನ್ ಆಫ್ ಮಾಡ್ರಿ," ಎಂದಳು ಅಮ್ಮ.

"ಈಗಲಾ? ಮೂರು ವಾರದ ಮೇಲೆ ಎದ್ದಿದ್ದಾಳೆ!"

"ಆಫ್ ಮಾಡ್ರಿ. ಒಂದು ಮಾತು ಹೇಳ್ಬೇಕು, ಇಬ್ಬರಿಗೂ ಕೇಳಿಸ್ಬೇಕು."

"ಬೇಡಮ್ಮ," ಎಂದಳು ಮಗಳು. "ಹತ್ತು ನೀನು. ನಾನು ಗೇಟ್ ತೆಗೀತೀನಿ."

ಅವಳು ಕಾರಿನ ಕಿಟಕಿಯೊಳಗೆ ಕೈ ತೂರಿಸಿ ಕೀಲಿ ಹಿಡಿದಳು. ಅವಳ ಕೈ ಮೇಲೆ ಮಗಳ ಕೈ ಬಂತು. ಗ್ರೀಸು ಮೆತ್ತಿದ, ಬಿಸಿಯಾದ, ಅವಳದಕ್ಕಿಂತ ದೊಡ್ಡದಾಗಿ ಬೆಳೆದ ಕೈ. ತಡೆಯಲು ಬಂದದ್ದೋ, ತಿರುಗಿಸಲು ಬಂದದ್ದೋ, ನೀವು ಕೇಳುತ್ತೀರಿ. ನಾನು ಅವಳನ್ನು ಕೇಳಿದೆ. ಸ್ವಲ್ಪ ಸುಮ್ಮನಿರು ಎಂದಳು. ಕೈ ಇನ್ನೂ ಅಲ್ಲೇ ಇದೆಯಂತೆ.